ಟೆನರ್ ಪೆಟ್ಟಿಗೆ ಮತ್ತೆ ತೆರೆದ ಮೇಲೆ

ಫೆಬ್ರವರಿ 3

ಮಂಚದಡಿಯ ಟೆನರ್ ಸ್ಯಾಕ್ಸೋಫೋನಿನ ಪೆಟ್ಟಿಗೆ ಇವತ್ತು ಹೊರಗೆ ಬಂತು. ಬ್ಯಾಂಕಿನ ಕೆಲಸ ಸಿಕ್ಕಿ ಮಂಗಳೂರು ಬಿಡುವಾಗ ಮುಚ್ಚಿದ್ದು. ಆಗ ನನಗೆ 27, ಈಗ 60. ಒಳಗೆ ಕಾರ್ಕ್ ಗ್ರೀಸಿನ ವಾಸನೆ ಇನ್ನೂ ಉಂಟು. ಹಿತ್ತಾಳೆ ಕಪ್ಪಾಗಿದೆ, ತೂತು ಮುಚ್ಚುವ ಪ್ಯಾಡುಗಳ ಚರ್ಮ ಅಷ್ಟೂ ಮಳೆಗಾಲಗಳ ತೇವ ಕುಡಿದು ಗಟ್ಟಿಯಾಗಿದೆ, ಜಿ ಶಾರ್ಪ್ ಕೀ ಅಂಟಿಕೊಂಡು ಏಳುವುದೇ ಇಲ್ಲ. ಊದಿ ನೋಡಿದೆ. ನಡುವಿನ ಬಿ, ಎ, ಜಿ ಬಂದವು. ಅದರ ಕೆಳಗೆ ಬರೀ ಗಾಳಿ.

ಫೆಬ್ರವರಿ 21

ರಿಪೇರಿಯವರು ಕೋಣೆ ಕತ್ತಲೆ ಮಾಡಿ ಕೊಳವೆಯೊಳಗೆ ಸಣ್ಣ ದೀಪ ಇಳಿಸಿದರು. ಮುಚ್ಚಿದ ಪ್ಯಾಡಿನ ಅಂಚಿನಲ್ಲಿ ಬೆಳಕು ಕಂಡಲ್ಲೆಲ್ಲ ಗಾಳಿ ಸೋರುತ್ತದೆ. ಬೆಳಕು ಕಾಣದ ಪ್ಯಾಡ್ ನಾಲ್ಕೇ ಇದ್ದವು. ಅತಿ ಕೆಳಗಿನ ಬಿ ಫ್ಲ್ಯಾಟ್‌ಗೆ ಹೆಚ್ಚುಕಡಿಮೆ ಇಡೀ ಕೊಳವೆ ಮುಚ್ಚಬೇಕು. ಮೇಲೆ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸೋರಿದರೂ ಆ ಸ್ವರ ಒಡೆಯುತ್ತದೆ. ಪ್ಯಾಡುಗಳನ್ನು ಕೂರಿಸುವುದು ಅರಗಿನಲ್ಲಿ. ಬಿಸಿ ಮಾಡಿ, ಕೂರಿಸಿ, ತಣಿಯಲು ಬಿಟ್ಟು, ಮತ್ತೆ ದೀಪ ಇಳಿಸಿ ನೋಡುವುದು. 20ಕ್ಕೂ ಹೆಚ್ಚು ಪ್ಯಾಡ್ ಇರುವಾಗ ಅವಸರ ಮಾಡಿ ಫಲವಿಲ್ಲ. ಮೂರು ವಾರ ಹೇಳಿದ್ದಾರೆ.

ಮಾರ್ಚ್ 18

ಬೆರಳುಗಳು ಏನನ್ನೂ ಮರೆತಿಲ್ಲ. ಮರೆತಿರುವುದು ತುಟಿ. ಬ್ಯಾಂಡಿನಲ್ಲಿ ಮೂರು ನಂಬರಿನ ರೀಡ್ (ಊದಿದಾಗ ಅದುರುವ ತೆಳು ಪಟ್ಟಿ; ನಂಬರ್ ಹೆಚ್ಚಿದಷ್ಟೂ ಗಟ್ಟಿ) ಹಾಕಿ ನಾಲ್ಕು ಗಂಟೆ ಮೆರವಣಿಗೆಯಲ್ಲಿ ನಡೆಯುತ್ತಿದ್ದವನಿಗೆ ಈಗ ಎರಡು ನಂಬರಿನದ್ದೇ ಭಾರ. ಹತ್ತು ನಿಮಿಷಕ್ಕೆ ಬಾಯಿಯ ಮೂಲೆಗಳಿಂದ ಗಾಳಿ ಜಾರುತ್ತದೆ. ಮೇಲಿನ ಎದುರು ಹಲ್ಲುಗಳಿಗೆ ಬ್ರಿಡ್ಜ್ ಹಾಕಿಸಿದ್ದೇನೆ, ಮೌತ್‌ಪೀಸಿನ ಅದುರು ನೇರ ಅಲ್ಲಿಗೇ ಹೊಡೆಯುತ್ತದೆ. ಹಲ್ಲು ಕೂರುವ ಜಾಗಕ್ಕೆ ರಬ್ಬರಿನ ತುಂಡು ಅಂಟಿಸಿದ ಮೇಲೆ ಧೈರ್ಯ ಬಂತು. ದಿನಕ್ಕೆ 20 ನಿಮಿಷ, ಒಂದೊಂದೇ ಸ್ವರ ಉದ್ದಕ್ಕೆ. ಹಾಡು ಇನ್ನೂ ಬೇಡ.

ಏಪ್ರಿಲ್ 26

ಇವತ್ತು ಹಾಡು ಬೇಕೆನಿಸಿತು. ಪೆಟ್ಟಿಗೆಯ ಮುಚ್ಚಳದ ಹಿಂದೆ ನನ್ನ ಹಳೆಯ ಪುಸ್ತಕ ಉಂಟು. ಬ್ಯಾಂಡ್ ಮಾಸ್ಟರರು ನೀಲಿ ಶಾಯಿಯಲ್ಲಿ ಬರೆದು ಕೊಟ್ಟದ್ದು, ಪ್ರತಿ ಪುಟದ ಮೇಲೂ ‘ಟೆನರ್, ಸೆಕೆಂಡ್’. ಮೊಂತಿ ಫೆಸ್ತಿಗೆ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮಕ್ಕಳು ಅವಳಿಗೆ ಹೂ ಹಾಕುವಾಗಿನ ಹಾಡು ತೆಗೆದು ಮೊದಲಿಂದ ಕೊನೆಯವರೆಗೆ ನಿಲ್ಲದೆ ಊದಿದೆ. ಒಳಗಿನಿಂದ ಹೆಂಡತಿ ಕೇಳಿದಳು, “ಅದು ಯಾವ ಹಾಡು?”

ಚಿಕ್ಕಂದಿನಿಂದ ಪ್ರತಿ ವರ್ಷ ಅದನ್ನು ಹಾಡಿದವಳು ಅವಳು. ಗುರುತು ಸಿಗಲಿಲ್ಲ, ಯಾಕೆಂದರೆ ನಾನು ಊದಿದ್ದರಲ್ಲಿ ಹಾಡು ಇರಲೇ ಇಲ್ಲ. ಟ್ರಂಪೆಟ್ ಮತ್ತು ಆಲ್ಟೋದವರು (ಟೆನರಿಗಿಂತ ಚಿಕ್ಕ, ಎತ್ತರದ ಸ್ವರದ ಸ್ಯಾಕ್ಸೋಫೋನ್) ರಾಗ ಹಿಡಿಯುತ್ತಿದ್ದರು, ನಾವು ಸೆಕೆಂಡಿನವರು ಅದರ ಕೆಳಗೆ ನಿಲ್ಲುತ್ತಿದ್ದೆವು. ಎಷ್ಟೋ ಹಬ್ಬ, ಮದುವೆ, ಶವಯಾತ್ರೆಗಳಲ್ಲಿ ಊದಿದ್ದೇನೆ. ನನ್ನ ಕೈಯಲ್ಲಿರುವುದು ಆ ಹಾಡುಗಳ ಅರ್ಧ ಮಾತ್ರ. ಬ್ಯಾಂಡ್ ಚದುರಿ ಹೋಗಿದೆ. ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ.

ಜೂನ್ 22

ಮಳೆ. ರೀಡಿನ ತುದಿ ಅಲೆಯಂತೆ ಮಡಚುತ್ತದೆ, ಚಪ್ಪಟೆ ಗಾಜಿನ ಮೇಲಿಟ್ಟು ಒಣಗಿಸುತ್ತಿದ್ದೇನೆ. ಜಿ ಶಾರ್ಪ್ ಪ್ಯಾಡಿನಡಿ ತೆಳು ಕಾಗದ ಇಟ್ಟು ತೇವ ಹೀರಿಸದೆ ಮುಚ್ಚುವ ಹಾಗಿಲ್ಲ. ಆದರೆ ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಯಾರಿಗೂ ತೊಂದರೆಯಿಲ್ಲದೆ ದೊಡ್ಡದಾಗಿ ಊದಬಹುದು. ಕೆಳಗಿನ ಬಿ ಫ್ಲ್ಯಾಟ್ ಇವತ್ತು ಎಂಟು ಎಣಿಸುವಷ್ಟು ನಿಂತಿತು. ದವಡೆ ಬಿಗಿಯುವುದನ್ನು ಬಿಟ್ಟು, ಬೆಚ್ಚಗಿನ ಉಸಿರು ಬಿಟ್ಟ ಹಾಗೆ ಊದಿದಾಗಲೇ ಅದು ಬರುವುದು.

ಜುಲೈ 19

ಮೂರು ಮನೆ ಆಚೆಯ ಹುಡುಗ ಗೇಟಿನ ಹತ್ತಿರ ನಿಂತಿದ್ದ. “ಅಂಕಲ್, ನಿಮ್ಮದು ಯಾಕೆ ಇಷ್ಟು ದಪ್ಪ ಸ್ವರ?” ಹೈಸ್ಕೂಲು ಹುಡುಗ, ದೇವಸ್ಥಾನದಲ್ಲಿ ವಾಲಗಕ್ಕೆ ಊದುವ ಒಬ್ಬ ವಿದ್ವಾಂಸರ ಹತ್ತಿರ ಆಲ್ಟೋ ಕಲಿಯುತ್ತಿದ್ದಾನೆ. ನಮ್ಮ ಜಿಲ್ಲೆಯಲ್ಲಿ ಸ್ಯಾಕ್ಸೋಫೋನ್ ಎಂದರೆ ಆಲ್ಟೋ. ಬಂಟ್ವಾಳ ಕಡೆಯ ನಾಗಸ್ವರದ ಮನೆತನದಿಂದ ಬಂದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ವಾದ್ಯವನ್ನು ಗಮಕಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್‌ವರೆಗೆ ಒಯ್ದರು. ಅವರು ತೀರಿಕೊಂಡು (2019) ವರ್ಷಗಳಾದರೂ ಇಲ್ಲಿನ ಮಕ್ಕಳು ಅವರನ್ನು ಕೇಳಿಯೇ ಈ ವಾದ್ಯಕ್ಕೆ ಬರುತ್ತಾರೆ. ಇವನು ಟೆನರನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಅವನಿಗೆ ನನ್ನ ಪುಸ್ತಕದ ಐದು ಗೆರೆಯ ಸ್ಟಾಫ್ ನೊಟೇಶನ್ ಬರುವುದಿಲ್ಲ. ಹೆಂಡತಿಯನ್ನು ಕರೆದು ಹೂವಿನ ಹಾಡು ಹಾಡಿಸಿದೆ. ಅವನು ಎರಡು ಸಲ ಕೇಳಿ, ಸ ರಿ ಗ ಎಂದು ಬರೆದುಕೊಂಡು ಹೋದ.

ಆಗಸ್ಟ್ 31

ಶುರುವಿನಲ್ಲೇ ಶ್ರುತಿ ಕೂಡಲಿಲ್ಲ. ಇಬ್ಬರೂ ಸಿ ಹಿಡಿದರೆ ಅವನ ಆಲ್ಟೋದಿಂದ ಇ ಫ್ಲ್ಯಾಟ್ ಬರುತ್ತದೆ, ನನ್ನ ಟೆನರಿನಿಂದ ಬಿ ಫ್ಲ್ಯಾಟ್. ನನ್ನ ಪುಸ್ತಕದಲ್ಲಿ ಹಾಡು ಎಫ್‌ನಲ್ಲಿದೆ. ಅದು ಟೆನರಿನಿಂದ ಇ ಫ್ಲ್ಯಾಟ್ ಆಗಿ ಬರುತ್ತದೆ. ಅಂದರೆ ಅವನ ಷಡ್ಜ ಸಿ ಬೆರಳಿಗೆ ಬರಬೇಕು. ಅದು ಹೊಂದಿದ ಮೇಲೆ ಮೊದಲಿಂದ ಹಿಡಿದೆವು.

ಎರಡನೇ ಸಾಲಿಗೆ ಬರುವಾಗ ಅವನು ಊದುವುದು ನಿಲ್ಲಿಸಿ ನನ್ನನ್ನೇ ನೋಡಿದ. “ಅಂಕಲ್, ನೀವು ಕೆಳಗೆ ಹಿಡಿದರೆ ನನ್ನ ಸ್ವರ ದೊಡ್ಡದಾಗ್ತದೆ.” ಆಗ್ತದೆ. ಸೆಕೆಂಡ್ ಇರುವುದೇ ಅದಕ್ಕೆ. ನನ್ನ ಸ್ವರದೊಳಗಿನ ಮೇಲಿನ ಅನುಸ್ವರಗಳು ಅವನ ಸ್ವರದ ಮೇಲೆ ಹೋಗಿ ಕೂರುತ್ತವೆ. ಬ್ಯಾಂಡಿನ ನಡುವೆ ನಿಂತು ಊದಿದ ಆ ಹತ್ತು ವರ್ಷ ನನಗೆ ಅದು ಹೀಗೆ ಬಿಡಿಯಾಗಿ ಕೇಳಿಸಿರಲಿಲ್ಲ.

ಒಂದು ಕಡೆ ಅವನು ಗಾಂಧಾರ ಅಲುಗಿಸಿದ. ನನ್ನ ನೇರ ಸ್ವರದ ಮೇಲೆ ಅದು ನಿಲ್ಲಲಿಲ್ಲ, ಬೇಡ ಅಂದೆ. ಸಾಲಿನ ಕೊನೆಯಲ್ಲಿ ಅದೇ ಅಲುಗು ಬಹಳ ಚೆಂದ ಬಂತು, ಅದು ಇರಲಿ ಅಂದೆ. ಕೆಳಗಿನ ಸಿ ಇನ್ನೂ ಗೊರಗುಟ್ಟುತ್ತದೆ, ಆ ಪ್ಯಾಡನ್ನು ಈ ವಾರ ತೋರಿಸಬೇಕು.

ಹೋಗುವಾಗ ಅವನು ತನ್ನ ಗುರುಗಳು ಕಲಿಸಿದ ಒಂದು ದೇವರನಾಮ ಊದಿ, ಇದಕ್ಕೆ ಸೆಕೆಂಡ್ ಬರೆದು ಕೊಡ್ತೀರಾ ಎಂದು ಕೇಳಿದ. ಯಾರೋ ಬರೆದದ್ದನ್ನು ಊದಿದವನು ನಾನು, ಒಂದು ಸಾಲೂ ಬರೆದವನಲ್ಲ. ರಾತ್ರಿ ಪುಸ್ತಕದ ಖಾಲಿ ಪುಟಕ್ಕೆ ಗೆರೆ ಎಳೆದು ಕೂತೆ. ನಾಲ್ಕು ಆವರ್ತ ಆಗಿದೆ; ಮೂರನೆಯದು ಸರಿಯಿಲ್ಲ, ನಾಳೆ ಊದಿ ನೋಡಿ ತಿದ್ದುತ್ತೇನೆ.