ದೊಡ್ಡ ಬ್ಯಾಟರಿ ಚೆನ್ನಾಗಿತ್ತು, ಕೈಕೊಟ್ಟಿದ್ದು ಚಿಕ್ಕದು

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಗೊಂಡೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಬ್ಯಾಟರಿ ಹೇಗಿದೆ? ಕೊಳ್ಳುವಾಗ ನಾನೂ ಅದನ್ನೇ ಕೇಳಿದ್ದೆ. ಐದು ವರ್ಷದ ಕಾರು, 58,000 ಕಿಲೋಮೀಟರ್ ಓಡಿತ್ತು. ಬ್ಯಾಟರಿ ಇನ್ನೂ ನೂರಕ್ಕೆ 91ರಷ್ಟು ಚೆನ್ನಾಗಿದೆ ಅಂತ ರಿಪೋರ್ಟ್ ಇತ್ತು. ಬಹಳಷ್ಟು ಕಂಪನಿಗಳು ಈ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಇನ್ನೇನು ಬೇಕು ಅಂದುಕೊಂಡು ಮನೆಗೆ ತಂದೆವು. ಆ ಬ್ಯಾಟರಿಯಿಂದ ಇವತ್ತಿನವರೆಗೆ ಒಂದು ದಿನವೂ ತೊಂದರೆಯಾಗಿಲ್ಲ.

ತೊಂದರೆ ಕೊಟ್ಟಿದ್ದು ಇನ್ನೊಂದು ಬ್ಯಾಟರಿ. ಎಲೆಕ್ಟ್ರಿಕ್ ಕಾರಲ್ಲೂ ಪೆಟ್ರೋಲ್ ಕಾರಿನ ಹಾಗೆ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬಾಗಿಲಿನ ಲಾಕ್, ಸ್ಕ್ರೀನ್, ಲೈಟು, ಕಾರಿನೊಳಗಿನ ಕಂಪ್ಯೂಟರ್‌ಗಳು ಎಲ್ಲಾ ನಡೆಯುವುದು ಅದರಿಂದಲೇ. ಅಷ್ಟೇ ಅಲ್ಲ. ದೊಡ್ಡ ಬ್ಯಾಟರಿಯ ಕರೆಂಟು ಮೋಟಾರಿಗೆ ಹೋಗಬೇಕಾದರೆ ನಡುವೆ ಒಂದು ದಪ್ಪ ಸ್ವಿಚ್ ಕೂಡಿಕೊಳ್ಳಬೇಕು. ಅದನ್ನು ಕೂಡಿಸುವುದೂ ಈ ಚಿಕ್ಕ ಬ್ಯಾಟರಿಯೇ. ಅದು ಸತ್ತರೆ ದೊಡ್ಡದರಲ್ಲಿ ಎಷ್ಟು ಚಾರ್ಜ್ ಇದ್ದರೂ ಕಾರು ಅಲ್ಲಾಡುವುದಿಲ್ಲ.

ಕಾರು ತಂದು ನಾಲ್ಕನೇ ತಿಂಗಳು. ಒಂದು ಬೆಳಿಗ್ಗೆ ಕೀ ಒತ್ತಿದರೆ ಬಾಗಿಲು ತೆಗೆಯಲಿಲ್ಲ. ಸರ್ವೀಸ್ ಸೆಂಟರ್‌ನವರು ಬಂದು 12 ವೋಲ್ಟ್ ಬ್ಯಾಟರಿ ಹಳೆಯದಾಗಿದೆ ಅಂತ ಹೊಸದು ಹಾಕಿದರು. ಆರು ವಾರ ಬಿಟ್ಟು ಮತ್ತೆ ಅದೇ ಕಥೆ. ಹೊಸ ಬ್ಯಾಟರಿ ಇಷ್ಟು ಬೇಗ ಹೇಗೆ ಹೋಗುತ್ತೆ ಅಂತ ಕೇಳಿದೆ. "ಮೇಡಂ, ಕಾರು ಜಾಸ್ತಿ ದಿನ ನಿಲ್ಲಿಸಿರ್ತೀರ ಅನ್ಸುತ್ತೆ" ಅಂದರು. ನಾನು ದಿನಾ ಓಡಿಸುವವಳು. ಅದನ್ನೂ ಹೇಳಿದೆ. ಮೂರನೇ ಸಲ, ಓಡಿಸುವಾಗ ಸ್ಕ್ರೀನ್ ಒಂದು ಕ್ಷಣ ಆರಿ ಮತ್ತೆ ಬಂತು ಅಂತ ಹೇಳಲು ಹೋದೆ. ಕಂಪ್ಯೂಟರ್ ಹಚ್ಚಿ ನೋಡಿ, ಎರರ್ ಏನೂ ಇಲ್ಲ ಅಂದರು. ಆ ದಿನದ ಜಾಬ್ ಕಾರ್ಡ್ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ನನ್ನ ದೂರಿನ ಜಾಗದಲ್ಲಿ ಬರೆದಿರುವುದು "ಜನರಲ್ ಚೆಕಪ್" ಅಂತ. ಓದದೆ ಸಹಿ ಹಾಕಿ ಬಂದಿದ್ದೆ.

ಅದಾಗಿ ಒಂಬತ್ತನೇ ದಿನ, ಮುಸ್ಸಂಜೆ ಹೊತ್ತು, ಮಳೆ. ಹಿಂದಿನ ಸೀಟಿನಲ್ಲಿ ಮಗಳು, ಏಳು ವರ್ಷದವಳು. ದೊಡ್ಡ ರಸ್ತೆ, ತೊಂಬತ್ತರ ವೇಗ. ಸೀಟಿನ ಕೆಳಗೆಲ್ಲೋ ಟಕ್ ಅಂತ ಒಂದು ಸದ್ದು. ಕಡ್ಡಿ ಮುರಿದಷ್ಟೇ. ಸ್ಕ್ರೀನಿನಲ್ಲಿ ಹಳದಿ ಬಣ್ಣದ ಎಚ್ಚರಿಕೆ ಬಂತು, ಪಕ್ಕದಲ್ಲಿ ಕಾರಿನ ಶಕ್ತಿ ತಗ್ಗಿದೆ ಅನ್ನುವ ಆಮೆಯ ಗುರುತು. ಪೆಡಲ್ ಒತ್ತಿದಷ್ಟೂ ವೇಗ ಇಳಿಯುತ್ತಲೇ ಹೋಯಿತು. ಎಪ್ಪತ್ತು, ಐವತ್ತು, ಮೂವತ್ತು. ಹಿಂದೆ ಲಾರಿಯೊಂದು ಹಾರ್ನ್ ಮೇಲೆ ಹಾರ್ನ್. ಹೇಗೋ ಮಾಡಿ ರಸ್ತೆ ಅಂಚಿಗೆ ತಂದು ನಿಲ್ಲಿಸಿದೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗಬಹುದು ಅಂದುಕೊಂಡೆ. ಆಫ್ ಆಯಿತು, ಆನ್ ಆಗಲಿಲ್ಲ. ಹಜಾರ್ಡ್ ಲೈಟು ಇನ್ನೊಂದಿಷ್ಟು ಹೊತ್ತು ಮಿನುಗಿತು, ಮಂಕಾಯಿತು, ಆರಿತು. ಕತ್ತಲಲ್ಲಿ, ಮಳೆಯಲ್ಲಿ, ಒಂದು ಲೈಟೂ ಇಲ್ಲದ ಕಾರು ರಸ್ತೆ ಬದಿಯಲ್ಲಿ.

ಮುಂದಿನ ಬಾಗಿಲಿಗೆ ಒಳಗಿನಿಂದ ಕೈಯಲ್ಲೇ ಎಳೆಯುವ ಹಿಡಿಕೆ ಇದೆ. ನಾನು ಇಳಿದು ಮಗಳನ್ನು ಇಳಿಸಲು ಹಿಂದಿನ ಬಾಗಿಲಿಗೆ ಹೋದೆ. ಹೊರಗಿನ ಹಿಡಿಕೆ ಬಾಗಿಲಿನೊಳಗೆ ಸಮತಟ್ಟಾಗಿ ಕೂತಿರುವ ಥರದ್ದು. ಕರೆಂಟು ಇದ್ದರೆ ಮಾತ್ರ ಹೊರಗೆ ಬರುತ್ತದೆ. ಬರಲಿಲ್ಲ. ಉಗುರು ಹಾಕಿ ಎಬ್ಬಲು ನೋಡಿದೆ, ಉಗುರು ಹೋಯಿತು. ಒಳಗಿನಿಂದ ತೆಗೆ ಅಂತ ಕೂಗಿದೆ. ಅವಳು ಎಳೆಯುತ್ತಲೇ ಇದ್ದಳು, ತೆಗೆಯಲಿಲ್ಲ. ಮಕ್ಕಳ ಲಾಕ್ ಹಾಕಿತ್ತು. ಗಾಜೂ ಇಳಿಯುವುದಿಲ್ಲ. ಆ ಗಾಜಿನ ಆಚೆಗಿದ್ದ ಅವಳ ಮುಖ ನನಗೆ ಮರೆಯುವಂಥದ್ದಲ್ಲ. ಕೊನೆಗೆ ಮುಂದಿನ ಬಾಗಿಲಿಗೆ ಓಡಿ, ಬೆಲ್ಟ್ ಬಿಚ್ಚಿಕೊಳ್ಳಲು ಹೇಳಿ, ಎರಡು ಸೀಟಿನ ನಡುವಿನ ಸಂದಿಯಿಂದ ಅವಳನ್ನು ಎಳೆದುಕೊಂಡೆ. ಏಳು ವರ್ಷದ ಹುಡುಗಿಯಾಗಿದ್ದಕ್ಕೆ ತಾನೇ ತೆವಳಿ ಬಂದಳು. ಎರಡು ವರ್ಷದ ಕೂಸಾಗಿದ್ದರೆ?

ಇದು ನನ್ನೊಬ್ಬಳ ಪಾಡಲ್ಲ. ನನ್ನ ಕಾರು ಬೇರೆ ಕಂಪನಿಯದು, ಆದರೆ ಇಂಥದ್ದೇ ದೂರುಗಳ ಮೇಲೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2025ರ ಸೆಪ್ಟೆಂಬರ್‌ನಲ್ಲಿ ಟೆಸ್ಲಾದ 2021ರ ಮಾಡೆಲ್ ವೈ ಕಾರುಗಳ ತನಿಖೆ ಶುರುಮಾಡಿತು. ಚಿಕ್ಕ ಬ್ಯಾಟರಿಯ ವೋಲ್ಟೇಜ್ ಇಳಿದು ಹೊರಗಿನ ಹಿಡಿಕೆ ಕೆಲಸ ಮಾಡದೆ, ಕೆಲವು ಅಪ್ಪ ಅಮ್ಮಂದಿರು ಮಕ್ಕಳನ್ನು ಹೊರಗೆ ತರಲು ಗಾಜು ಒಡೆಯಬೇಕಾಗಿ ಬಂದಿತ್ತು. ಓದುವಾಗ ಕೈ ನಡುಗಿತು. ಅದಕ್ಕೇ, ಕಾರು ಸ್ಟಾರ್ಟ್ ಆಗದಿದ್ದರೆ ಬರೀ ಕಿರಿಕಿರಿ, ಬ್ರೇಕ್ ಹಿಡಿಯದಿದ್ದರೆ ಮಾತ್ರ ಅಪಾಯ ಅಂತ ಯಾರಾದರೂ ಬೇರೆ ಬೇರೆ ಮಾಡಿ ಹೇಳಿದರೆ ನಾನೀಗ ಒಪ್ಪುವುದಿಲ್ಲ.

ಗಾಡಿ ಎತ್ತಲು ಬಂದ ಹುಡುಗ ಬಾನೆಟ್ ತೆಗೆದು, ಚಿಕ್ಕ ಬ್ಯಾಟರಿಗೆ ಹೊರಗಿನಿಂದ ಕರೆಂಟು ಕೊಡುವ ಬೂಸ್ಟರ್ ಹಚ್ಚಿದ. ಸ್ಕ್ರೀನ್ ಬಂತು, ಹಿಂದಿನ ಬಾಗಿಲೂ ತೆಗೆಯಿತು. ಆಮೇಲೆ ವೋಲ್ಟ್ ಅಳೆಯುವ ಮೀಟರ್ ಹಿಡಿದು ತೋರಿಸಿದ. ಕಾರು ಆನ್ ಇದ್ದಾಗ 12 ವೋಲ್ಟ್ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13ಕ್ಕಿಂತ ಜಾಸ್ತಿ ತೋರಿಸಬೇಕಂತೆ. ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಚಾರ್ಜ್ ತುಂಬುವ ಕನ್ವರ್ಟರ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ನನ್ನದು 11.4. "ಬ್ಯಾಟರಿದಲ್ಲ ಅಕ್ಕ, ತುಂಬೋದೇ ಹೋಗಿದೆ" ಅಂದ. ಮೂರು ಸಲ ಸರ್ವೀಸ್ ಸೆಂಟರಿನವರಿಗೆ ತೋರಿಸಿ ಸಿಗದ ಉತ್ತರ ಎರಡು ನಿಮಿಷದಲ್ಲಿ ಸಿಕ್ಕಿತು. ಕಿತ್ತಳೆ ಬಣ್ಣದ ವೈರ್ ಮಾತ್ರ ಯಾವತ್ತೂ ಮುಟ್ಟಬೇಡಿ ಅಂತಲೂ ಹೇಳಿದ. ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಚಕ್ರ ಉರುಳಿಸಿಕೊಂಡು ಎಳೆದರೆ ಮೋಟಾರಿಗೆ ಕೆಡುಕು ಅಂತ ಕಾರನ್ನು ಪೂರ್ತಿ ಲಾರಿಯ ಮೇಲೇರಿಸಿಕೊಂಡೇ ಹೋದ.

ಆ ರಾತ್ರಿ ನಮ್ಮ ಮನೆಯವರು ಕಂಪನಿಯ ವೆಬ್‌ಸೈಟಿನಲ್ಲಿ ಕಾರಿನ ಚಾಸಿ ನಂಬರ್ ಹಾಕಿ ನೋಡಿದರು. ಹದಿನೇಳು ಅಕ್ಷರ, ಮುಂದಿನ ಗಾಜಿನ ಮೂಲೆಯಲ್ಲೇ ಬರೆದಿರುತ್ತದೆ. ಅದೇ ಕನ್ವರ್ಟರಿಗೆ ರೀಕಾಲ್ ಇದೆ, ಅಂದರೆ ದೋಷ ಸರಿಮಾಡಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆದಿದೆ, ಈ ಕಾರಿಗೆ ಇನ್ನೂ ಮಾಡಿಸಿಲ್ಲ ಅಂತ ಬಂತು. ಪುಕ್ಕಟೆ ಮಾಡಿಕೊಡಬೇಕಾದ ಕೆಲಸ.

ನನಗೆ ಸಿಟ್ಟು ಬಂದದ್ದು ಕಾರಿನ ಮೇಲಲ್ಲ. ಯಂತ್ರ ಅಂದ ಮೇಲೆ ಕೆಡುತ್ತದೆ. ಮೂರು ಸಲ ಕಾರು ಅವರ ಕೈಯಲ್ಲಿತ್ತು. ಚಾಸಿ ನಂಬರ್ ಅವರ ಕಂಪ್ಯೂಟರಿನಲ್ಲೇ ಇತ್ತು. ಒಂದು ಸಲ, ಒಂದೇ ಸಲ, ನೋಡಬಹುದಿತ್ತು ಅಲ್ವಾ? ನಾನು ಹೇಳಿದ ಮಾತನ್ನು ಹೇಳಿದ ಹಾಗೆ ಬರೆದುಕೊಂಡಿದ್ದರೂ ಯಾರಾದರೂ ಓದುತ್ತಿದ್ದರೇನೋ.

ರೀಕಾಲ್ ಅಂದರೆ ಸುಮ್ನೆ ಕಾಗದದ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. 2021ರಲ್ಲಿ ಷೆವರ್ಲೆ ಬೋಲ್ಟ್ ಕಾರುಗಳನ್ನು ಬ್ಯಾಟರಿಗೆ ಬೆಂಕಿ ಬೀಳುವ ಅಪಾಯಕ್ಕೆ ಕಂಪನಿ ವಾಪಸ್ ಕರೆದಾಗ, ರಿಪೇರಿ ಆಗುವವರೆಗೆ ನೂರಕ್ಕೆ 90ಕ್ಕಿಂತ ಜಾಸ್ತಿ ಚಾರ್ಜ್ ಮಾಡಬೇಡಿ, ಮನೆಯೊಳಗೆ ನಿಲ್ಲಿಸಬೇಡಿ ಅಂತ ಹೇಳಿತ್ತು. ಈ ಮಾತು ತಲುಪದ ಎರಡನೇ ಮಾಲೀಕರು ಏನು ಮಾಡುತ್ತಾರೆ? ರಾತ್ರಿಯಿಡೀ ನೂರರವರೆಗೆ ತುಂಬಿಸಿ, ತಾವು ಮಲಗುವ ಕೋಣೆಯ ಪಕ್ಕದಲ್ಲೇ ನಿಲ್ಲಿಸಿರುತ್ತಾರೆ.

ಹಳೆಯ ಎಲೆಕ್ಟ್ರಿಕ್ ಕಾರು ನೋಡಲು ಹೋಗುವವರಿಗೆ ನಾನು ಈಗ ಹೇಳುವುದು ಇಷ್ಟೇ. ದುಡ್ಡು ಕೊಡುವ ಮೊದಲು ಚಾಸಿ ನಂಬರ್ ಹಾಕಿ ರೀಕಾಲ್ ನೋಡಿ. ಒಂದು ಮೀಟರ್ ಜೇಬಲ್ಲಿ ಇಟ್ಟುಕೊಂಡು ಹೋಗಿ. ಕರೆಂಟು ಇಲ್ಲದಾಗ ನಾಲ್ಕು ಬಾಗಿಲೂ ಹೇಗೆ ತೆಗೆಯುತ್ತವೆ ಅಂತ ಮಾರುವವರನ್ನೇ ಕೇಳಿ, ನಿಮ್ಮ ಕೈಯಾರೆ ತೆಗೆದು ನೋಡಿ. ಸರ್ವೀಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತೇ ಇದೆಯಾ ಓದಿ. ಇಲ್ಲದಿದ್ದರೆ ಪೆನ್ನು ಕೇಳಿ ಬರೆಯಿರಿ. ಇಂಥ ತಾರೀಕು, ಇಷ್ಟು ವೇಗ, ಹೀಗಾಯಿತು ಅಂತ.

ಕನ್ವರ್ಟರ್ ಬದಲಾಯಿಸಿ ಐದು ತಿಂಗಳಾಯಿತು. ಕಾರು ಚೆನ್ನಾಗಿದೆ. ಮಕ್ಕಳ ಲಾಕ್ ತೆಗೆದಿದ್ದೇವೆ, ಗಾಜು ಒಡೆಯುವ ಸುತ್ತಿಗೆಯನ್ನು ಮುಂದಿನ ಬಾಗಿಲಿನ ಖಾನೆಯಲ್ಲಿ ಇಟ್ಟಿದ್ದೇವೆ. ನಮಗೆ ಕಾರು ಮಾರಿದವರಿಗೆ ಫೋನ್ ಮಾಡಿದ್ದೆ. ಪಾಪ, ಅವರು ಹಳೆಯ ಕಾಗದಗಳನ್ನೆಲ್ಲ ಹುಡುಕಿ ಆ ರೀಕಾಲ್ ಪತ್ರದ ಫೋಟೋ ಕಳಿಸಿದರು. ಕಾರು ನಮಗೆ ಕೊಟ್ಟ ಎರಡು ತಿಂಗಳಿಗೆ ಬಂದಿತ್ತು. ಈಗ ತನಗೆ ಸಂಬಂಧವಿಲ್ಲ ಅಂತ ಪಕ್ಕಕ್ಕಿಟ್ಟಿದ್ದರಂತೆ. ಕಂಪನಿಯ ಲೆಕ್ಕದಲ್ಲಿ ಕಾರು ಇನ್ನೂ ಅವರದೇ ಆಗಿತ್ತು. ಮರುದಿನವೇ ಬರೆದು ನಮ್ಮ ಹೆಸರು, ವಿಳಾಸ ಹಾಕಿಸಿದೆ. ಹೋದ ತಿಂಗಳು ಇನ್ನೊಂದು ಪತ್ರ ಬಂತು, ಸಾಫ್ಟ್‌ವೇರ್ ಬದಲಾಯಿಸಬೇಕು ಅಂತ. ಈ ಸಲ ನನ್ನ ಹೆಸರಿಗೇ ಬಂದಿದೆ.