ಪುಟ್ಟ ಮಕ್ಕಳಿಗೆ ಸಾವಿನ ಸುದ್ದಿ ಹೇಳಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಮಂಡ್ಯದಲ್ಲಿ ಚಿಕ್ಕ ಮಕ್ಕಳ ಟೀಚರ್. ನರ್ಸರಿಯಿಂದ ಎರಡನೇ ಕ್ಲಾಸಿನವರೆಗೆ. ಫೀಸು, ಹೋಂವರ್ಕ್ ವಿಷಯ ಬಿಟ್ಟರೆ ತಂದೆತಾಯಿ ನನ್ನನ್ನು ಜಾಸ್ತಿ ಕೇಳುವುದು ಇದೊಂದನ್ನೇ. ಅದೂ ಗೇಟಿನ ಹತ್ತಿರ, ಮಗುವಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ. "ಮಿಸ್, ನಮ್ಮತ್ತೆ ತೀರ್ಕೊಂಡ್ರು. ಮಗೂಗೆ ಇನ್ನೂ ಹೇಳಿಲ್ಲ. ಅಜ್ಜಿ ಊರಿಗೆ ಹೋಗವ್ರೆ ಅಂದಿದ್ದೀವಿ. ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ ಹೇಳೋದು, ಅಲ್ವಾ?"

ಹೇಳಿ. ಇವತ್ತೇ ಹೇಳಿ. ನೀವೇ ಹೇಳಿ, "ಸತ್ತುಹೋದರು" ಅಂತಲೇ ಹೇಳಿ.

ನೀವು ಹೇಳದಿದ್ದರೂ ಮಗುವಿಗೆ ಏನೋ ಗೊತ್ತಾಗಿರುತ್ತದೆ. ಮನೆ ಮುಂದೆ ಶಾಮಿಯಾನ ಹಾಕಿದ್ದಾರೆ, ಬಾಗಿಲಲ್ಲಿ ಚಪ್ಪಲಿ ರಾಶಿ, ಪಕ್ಕದ ಮನೆಯವರು ಅಡುಗೆ ಮಾಡಿ ತರುತ್ತಿದ್ದಾರೆ, ಅಪ್ಪ ತಲೆ ಬೋಳಿಸಿಕೊಂಡು ಬಂದಿದ್ದಾರೆ, ಅಜ್ಜಿಯ ಮಂಚ ಖಾಲಿ. ಇಷ್ಟೆಲ್ಲ ಕಂಡ ಮಗುವಿಗೆ "ಏನಿಲ್ಲ ಕಂದ, ಆಡ್ಕೋ ಹೋಗು" ಅಂದರೆ ಭಯ ಎರಡರಷ್ಟಾಗುತ್ತದೆ. ಏನೋ ದೊಡ್ಡದು ಆಗಿದೆ. ಅದನ್ನು ಯಾರನ್ನೂ ಕೇಳೋ ಹಾಗಿಲ್ಲ.

ಮಗು ದಿನಾ ಯಾರ ಪಕ್ಕ ಮಲಗುತ್ತದೋ ಅವರು ಹೇಳಿದರೆ ಒಳ್ಳೆಯದು. ಜನ ಇಲ್ಲದ ಕೋಣೆಗೆ ಕರೆದುಕೊಂಡು ಹೋಗಿ, ತೊಡೆ ಮೇಲೆ ಕೂರಿಸಿಕೊಳ್ಳಿ. ಭಾಷಣ ಬೇಡ. "ಪುಟ್ಟಿ, ಒಂದು ಬೇಜಾರಿನ ವಿಷಯ ಹೇಳ್ತೀನಿ. ಅಜ್ಜಿ ಸತ್ತುಹೋದ್ರು. ಅವರ ಎದೆಯೊಳಗೆ ಲಬ್ ಡಬ್ ಅಂತಿತ್ತಲ್ಲ, ಅದು ನಿಂತುಹೋಯ್ತು. ಇನ್ನು ಅಜ್ಜಿ ಉಸಿರಾಡಲ್ಲ, ಊಟ ಮಾಡಲ್ಲ, ಮಾತಾಡಲ್ಲ. ಅವರಿಗೆ ನೋವೂ ಆಗಲ್ಲ. ಅಜ್ಜಿ ವಾಪಸ್ ಬರಲ್ಲ. ನನಗೂ ತುಂಬಾ ಅಳು ಬರ್ತಿದೆ." ಇಷ್ಟು ಸಾಕು. ಆಮೇಲೆ ಸುಮ್ಮನೆ ಕೂತುಕೊಳ್ಳಿ. ಮಗು ಅಳಬಹುದು. "ಸರಿ, ನಂಗೆ ಬಿಸ್ಕತ್ತು ಬೇಕು" ಅನ್ನಲೂಬಹುದು. ಎರಡೂ ಸಹಜ. ಬಿಸ್ಕತ್ತು ಕೇಳಿದ ಮಗುವಿಗೆ ಅಜ್ಜಿ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರಾದರೂ ನೆಂಟರು ಅಂದರೆ ಅಲ್ಲೇ ತಡೆಯಿರಿ, ದಯವಿಟ್ಟು.

ಐದು ವರ್ಷದೊಳಗಿನ ಮಗುವಿಗೆ "ಇನ್ನು ಬರಲ್ಲ" ಅನ್ನೋದು ಒಂದೇ ಸಲಕ್ಕೆ ತಲೆಗೆ ಹೋಗುವುದಿಲ್ಲ. ಹಂಗೇರಿಯ ಮರಿಯಾ ನಾಜ್ ಅನ್ನುವವರು 3ರಿಂದ 10 ವರ್ಷದ ಮಕ್ಕಳ ಹತ್ತಿರ ಸಾವಿನ ಬಗ್ಗೆ ಮಾತಾಡಿಸಿ, ಚಿತ್ರ ಬರೆಸಿ, 1948ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತೀರಾ ಚಿಕ್ಕವರು ಸಾವು ಅಂದರೆ ಎಲ್ಲೋ ಹೋಗಿರೋದು ಅಥವಾ ನಿದ್ದೆ ಮಾಡೋದು ಅಂದುಕೊಂಡಿದ್ದರು. ಐದರಿಂದ ಒಂಬತ್ತರವರಲ್ಲಿ ಸುಮಾರು ಮಕ್ಕಳಿಗೆ ಸಾವು ಅಂದರೆ ಯಾರೋ ಬಂದು ಎಳೆದುಕೊಂಡು ಹೋಗುವವನು. ನಮ್ಮ ಮಕ್ಕಳಿಗಂತೂ ಕೋಣನ ಮೇಲೆ ಕೂತು ಹಗ್ಗ ಹಿಡಿದ ಯಮ ಟಿವಿಯಲ್ಲೇ ಸಿಗುತ್ತಾನೆ. ಸಾವು ಎಲ್ಲರಿಗೂ ಬರುತ್ತೆ, ಬಂದರೆ ಮುಗೀತು ಅನ್ನೋದು ಆ ಮಕ್ಕಳಲ್ಲಿ ಒಂಬತ್ತರ ಹೊತ್ತಿಗೆ ಕೂತಿತ್ತು. ಆಮೇಲಿನ ಅಧ್ಯಯನಗಳಲ್ಲಿ ಐದರಿಂದ ಏಳರೊಳಗೇ ಸುಮಾರು ಮಕ್ಕಳಿಗೆ ಇದು ಅರ್ಥವಾಗುತ್ತದೆ ಅಂತ ಕಂಡಿದೆ.

ಅದಕ್ಕೇ ಸೋಮವಾರ ಎಲ್ಲ ಕೇಳಿಸಿಕೊಂಡ ಮಗು ಬುಧವಾರ "ಅಜ್ಜಿ ಯಾವಾಗ ಬತ್ತರೆ?" ಅಂತ ಮತ್ತೆ ಕೇಳುತ್ತದೆ. ಹಟಕ್ಕೆ ಕೇಳುತ್ತಿಲ್ಲ. ನೀವು ಕೊಟ್ಟ ಉತ್ತರ ಇವತ್ತೂ ಅದೇನಾ ಅಂತ ನೋಡುತ್ತಿದೆ. ಅದೇ ಉತ್ತರ, ಅದೇ ಮಾತಿನಲ್ಲಿ ಕೊಡಿ. ಅತ್ತೆ ಒಂದು, ಮಾವ ಒಂದು, ಅಮ್ಮ ಇನ್ನೊಂದು ಹೇಳಿದರೆ ಮಗು ಮೂರನ್ನೂ ನಂಬುವುದಿಲ್ಲ.

ಪ್ರೀತಿಯಿಂದಲೇ ಹೇಳುವ ಕೆಲವು ಮಾತುಗಳು ಹೇಗೆ ತಿರುಗಿಕೊಳ್ಳುತ್ತವೆ ನೋಡಿ. "ಅಜ್ಜಿ ಮಲಗವ್ರೆ, ಏಳಲ್ಲ" ಅಂದರೆ ಮಗು ರಾತ್ರಿ ಕಣ್ಣು ಮುಚ್ಚಲು ಹೆದರುತ್ತದೆ, ಅಮ್ಮ ಮಲಗಿದರೆ ಅಲುಗಾಡಿಸಿ ಎಬ್ಬಿಸುತ್ತದೆ. "ಊರಿಗೆ ಹೋಗವ್ರೆ" ಅಂದರೆ, ನನಗೆ ಹೇಳದೆ ಯಾಕೆ ಹೋದರು, ನನ್ನ ಮೇಲೆ ಕೋಪನಾ ಅಂತ ಕೊರಗುತ್ತದೆ. "ಒಳ್ಳೆಯವರು ಅಂತ ದೇವರು ಕರ್ಕೊಂಡ" ಅಂದರೆ ನಾನು ಒಳ್ಳೆಯವನಾಗೋದೇ ಬೇಡ ಅನ್ನೋ ಲೆಕ್ಕ ಹಾಕುತ್ತದೆ. "ಹುಷಾರಿರಲಿಲ್ಲ, ಅದಕ್ಕೆ ಸತ್ತರು" ಅಂದಿರೋ, ಮುಂದಿನ ವಾರ ಅದಕ್ಕೇ ನೆಗಡಿ ಬಂದಾಗ ಗಾಬರಿ ನೋಡಬೇಕು. "ತುಂಬಾ ತುಂಬಾ ದೊಡ್ಡ ಕಾಯಿಲೆ, ಡಾಕ್ಟರ್ ಕೈಲೂ ವಾಸಿ ಮಾಡೋಕೆ ಆಗಲಿಲ್ಲ. ನಿನಗೆ ಬರೋ ಜ್ವರ, ನೆಗಡಿ ಅಂಥದ್ದಲ್ಲ" ಅಂತ ಬಿಡಿಸಿ ಹೇಳಿ.

ದೇವರು, ಸ್ವರ್ಗ, ನಕ್ಷತ್ರ ಹೇಳಲೇಬಾರದಾ ಅಂತ ಕೇಳುತ್ತಾರೆ. ಹೇಳಬಹುದು. ನಿಮ್ಮ ಮನೆಯ ನಂಬಿಕೆ ಮಗುವಿನದೂ ಹೌದು. ಆದರೆ ಮೊದಲು ದೇಹ ನಿಂತುಹೋಯಿತು, ವಾಪಸ್ ಬರಲ್ಲ ಅನ್ನೋದು ಕೂರಲಿ. ಆಮೇಲೆ "ಅಜ್ಜಿ ಈಗ ದೇವರ ಹತ್ರ ಇದ್ದಾರೆ ಅಂತ ನಾವು ನಂಬ್ತೀವಿ" ಅನ್ನಿ. ಬರೀ ದೇವರ ಹತ್ತಿರ ಹೋದರು ಅಂದರೆ ಬಸ್ಸು ಹತ್ತಿ ನಾವೂ ಹೋಗೋಣ ಅನ್ನುತ್ತದೆ, ಅಷ್ಟೆ.

ಇನ್ನೊಂದು ವಿಷಯ ಮಗು ಬಾಯಿಬಿಟ್ಟು ಹೇಳುವುದು ತೀರಾ ಅಪರೂಪ. ಈ ವಯಸ್ಸಿನಲ್ಲಿ ಮನಸ್ಸಲ್ಲಿ ಅಂದುಕೊಂಡದ್ದು ನಿಜವಾಗಿಬಿಡುತ್ತೆ ಅಂತ ಮಕ್ಕಳು ನಂಬುತ್ತಾರೆ. ಸಿಟ್ಟಿನಲ್ಲಿ "ತಾತ ಹೋಗು, ನೀನು ಬೇಡ" ಅಂದಿರುತ್ತದೆ. ವಾರದಲ್ಲಿ ತಾತ ಹೋಗಿಬಿಡುತ್ತಾರೆ. ಆ ಮಗು ಒಳಗೊಳಗೇ ಏನು ಹೊತ್ತುಕೊಂಡು ತಿರುಗುತ್ತದೆ ಯೋಚಿಸಿ! ಅದು ಕೇಳಲಿ ಅಂತ ಕಾಯಬೇಡಿ. "ನೀನು ಅಂದಿದ್ದರಿಂದ, ಮಾಡಿದ್ದರಿಂದ, ಅಂದುಕೊಂಡಿದ್ದರಿಂದ ತಾತ ಸಾಯಲಿಲ್ಲ" ಅಂತ ನೀವಾಗೇ ಹೇಳಿ. ಒಂದಲ್ಲ, ನಾಲ್ಕು ಸಲ ಹೇಳಿ.

ಮಣ್ಣಿಗೆ ಕರೆದುಕೊಂಡು ಹೋಗಬೇಕಾ? ಇದಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಗುತ್ತದೆ. ಮಕ್ಕಳು ಹೆಣ ನೋಡಬಾರದು, ಹೆದರಿಕೊಳ್ಳುತ್ತವೆ ಅನ್ನುತ್ತಾರೆ ಹಿರಿಯರು. ನನಗೆ ಕಂಡ ಹಾಗೆ, ಮೊದಲೇ ಹೇಳಿ, ಜೊತೆಗೊಬ್ಬರನ್ನು ಕೊಟ್ಟು ಕರೆದೊಯ್ದರೆ ಮಕ್ಕಳು ಅಷ್ಟು ಹೆದರುವುದಿಲ್ಲ. ಹೇಳದೆ ತಂದು ನಿಲ್ಲಿಸಿದರೆ ಹೆದರುತ್ತವೆ. ಪಕ್ಕದ ಬೀದಿಯ ನೆಂಟರ ಮನೆಗೆ ಸಾಗಹಾಕಿದರೆ ಇನ್ನೂ ಜಾಸ್ತಿ ಹೆದರುತ್ತವೆ, ಕಾಣದ್ದನ್ನೆಲ್ಲ ಕಲ್ಪಿಸಿಕೊಂಡು. 2021ರ ಕೊರೊನಾದಲ್ಲಿ ಎಷ್ಟೋ ಮಕ್ಕಳಿಗೆ ಅಪ್ಪ ಆಂಬುಲೆನ್ಸ್ ಹತ್ತಿದ್ದೇ ಕೊನೆ, ಆಮೇಲೆ ಮುಖ ನೋಡಲು ಸಿಗಲಿಲ್ಲ. ಕಣ್ಣಾರೆ ಕಾಣದ ಸಾವನ್ನು ನಂಬುವುದು ದೊಡ್ಡವರಿಗೇ ಕಷ್ಟವಾಗಿತ್ತು.

ಕರೆದುಕೊಂಡು ಹೋಗುವ ಮುಂಚೆ ಏನೇನು ಕಾಣುತ್ತೆ ಅಂತ ಹೇಳಿ. ಅಜ್ಜಿಯನ್ನು ಮನೆ ಮುಂದೆ ಇಟ್ಟಿರುತ್ತಾರೆ, ಹಾರ ಹಾಕಿರುತ್ತಾರೆ, ಮೂಗಿಗೆ ಹತ್ತಿ ಇಟ್ಟಿರುತ್ತಾರೆ, ಮೈ ತಣ್ಣಗಿರುತ್ತದೆ. ತಮಟೆ ಜೋರಾಗಿ ಬಾರಿಸುತ್ತಾರೆ. ಅತ್ತೆ ಎದೆ ಬಡಿದುಕೊಂಡು ಅಳುತ್ತಾರೆ, ಅವರಿಗೆ ಏನೂ ಆಗಿಲ್ಲ, ಬೇಜಾರಿಗೆ ಹಾಗೆ ಅಳುತ್ತಾರೆ. ಮಗುವನ್ನು ನೋಡಿಕೊಳ್ಳಲು ಹತ್ತಿರದ ಒಬ್ಬರನ್ನು ಗೊತ್ತು ಮಾಡಿ. ಆ ದಿನ ನಿಮ್ಮಿಂದ ಆಗುವುದಿಲ್ಲ, ಹೆತ್ತ ತಾಯಿ ಹೋಗಿರುತ್ತಾರೆ. ಚಿಕ್ಕಮ್ಮನೋ ಸೋದರಮಾವನೋ ಇರಲಿ, ಮಗು "ಸಾಕು" ಅಂದ ಕೂಡಲೇ ಎತ್ತಿಕೊಂಡು ಹೊರಡಬೇಕು. ಬರಲ್ಲ ಅಂದರೆ ಬಲವಂತ ಬೇಡ. ಕಾಲು ಮುಟ್ಟು, ಮುತ್ತು ಕೊಡು ಅಂತ ತಳ್ಳುವುದಂತೂ ಬೇಡವೇ ಬೇಡ.

"ಮಣ್ಣೊಳಗೆ ಉಸಿರು ಕಟ್ಟಲ್ವಾ?" "ಬೆಂಕಿ ಸುಡಲ್ವಾ?" ಈ ಪ್ರಶ್ನೆಗೆ ಸಿದ್ಧವಾಗಿರಿ. ಸತ್ತ ಮೇಲೆ ಮೈಗೆ ಏನೂ ಗೊತ್ತಾಗಲ್ಲ, ಚಳಿ ಬಿಸಿ ಹಸಿವು ಯಾವುದೂ ಇಲ್ಲ ಅಂತ ಹೇಳಿದರೆ ಸುಮಾರು ಮಕ್ಕಳಿಗೆ ಸಮಾಧಾನವಾಗುತ್ತದೆ. ಚಿತೆ ಉರಿಯುವುದನ್ನು ತೀರಾ ಪುಟ್ಟವರಿಗೆ ತೋರಿಸಲೇಬೇಕು ಅಂತೇನಿಲ್ಲ.

ನಮ್ಮ ಕಡೆ ಶಾಸ್ತ್ರಗಳಲ್ಲಿ ಮಗುವಿಗೆ ಬೇಕಾದಷ್ಟು ಕೆಲಸ ಇದೆ, ನಾವು ಕೊಡುವುದಿಲ್ಲ. ಹಾಲುತುಪ್ಪದ ದಿನ ಸಮಾಧಿ ಮೇಲೆ ಒಂದು ಲೋಟ ಹಾಲು ಹಾಕಲಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಹೋದಾಗ ಒಂದು ಹೂವು ಕಾವೇರಿಗೆ ಹಾಕಲಿ. ತಿಥಿಗೆ ತಾತನಿಗೆ ಏನು ಇಷ್ಟ ಅಂತ ಮಗುವನ್ನೂ ಕೇಳಿ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ವಡೆ, ಪಾಯಸ, ಹೊಸ ಪಂಚೆ ಎಲ್ಲ ಇಡುತ್ತೇವಲ್ಲ, ನನಗೆ ಗೊತ್ತಿರುವ ಒಬ್ಬ ಹುಡುಗ ತಾತನ ಎಡೆ ಪಕ್ಕ ತಾನೇ ಅಂಗಡಿಯಿಂದ ತಂದ ನಿಪ್ಪಟ್ಟಿನ ಪೊಟ್ಟಣ ಇಟ್ಟ. ಸಂಜೆ ಇಬ್ಬರೂ ಜಗಲಿ ಮೇಲೆ ಕೂತು ತಿನ್ನುತ್ತಿದ್ದದ್ದು ಅದೇ ಅಂಗಡಿಯ ನಿಪ್ಪಟ್ಟು. ಮನೆಯವರು ತೆಗೆಯಲಿಲ್ಲ. ವರ್ಷಕ್ಕೊಂದು ಸಲ ಸತ್ತವರನ್ನು ಹೆಸರು ಹಿಡಿದು ನೆನೆಯುವ ಇಂಥ ದಿನ ಇರುವುದು ಎಷ್ಟು ಒಳ್ಳೆಯದು ಅಂತ ನನಗೆ ಆಗ ಅನ್ನಿಸಿತು.

ಅದೇ ಹುಡುಗ ಕ್ಲಾಸಿನಲ್ಲಿ ಜೇಡಿಮಣ್ಣಿನಲ್ಲಿ ಒಬ್ಬ ಮನುಷ್ಯನನ್ನು ಮಾಡಿ, ಎರಡು ಪೆನ್ಸಿಲ್ ಮೇಲೆ ಮಲಗಿಸಿ, ಇಬ್ಬರು ಗೆಳೆಯರ ಕೈಲಿ ಹೊರಿಸಿ, ತಾನು ಊಟದ ಡಬ್ಬಿ ಬಡಿಯುತ್ತಾ ಮುಂದೆ ನಡೆದ. ಬೆಂಚಿನ ಕೆಳಗೆ ಮಲಗಿಸಿದರು, ಕರ್ಚೀಫು ಮುಚ್ಚಿದರು. ಪಕ್ಕದ ಕ್ಲಾಸಿನ ಟೀಚರ್ ಗಾಬರಿಯಾಗಿ ಬಂದರು, ಅಪಶಕುನ ಅಂದರು. ನಾನು ಬಿಡಿ ಅಂದೆ. ಮಕ್ಕಳು ದುಃಖವನ್ನು ಆಡಿಯೇ ಕಳೆಯುತ್ತಾರೆ. ನಮ್ಮ ಹಾಗೆ ದಿನವಿಡೀ ದುಃಖದಲ್ಲೇ ಇರಲು ಅವರಿಗೆ ಆಗುವುದಿಲ್ಲ. ಹತ್ತು ನಿಮಿಷ ಅಳು, ಆಮೇಲೆ ಕುಂಟೆಬಿಲ್ಲೆ, ರಾತ್ರಿ ಮತ್ತೆ ಅಳು. ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರಬಹುದು. ಹೊಟ್ಟೆನೋವು ಅನ್ನಬಹುದು. ಅಮ್ಮನ ಸೆರಗು ಬಿಡದೆ ಇರಬಹುದು. ಬೈಯಬೇಡಿ, ಸುಮಾರಾಗಿ ತಾನಾಗೇ ಹೋಗುತ್ತದೆ. ಊಟ, ಸ್ನಾನ, ನಿದ್ದೆ ಹೊತ್ತು ಹೊತ್ತಿಗೆ ಆಗುತ್ತಿರಲಿ, ಸ್ಕೂಲಿಗೂ ಬೇಗ ಕಳಿಸಿ. ಕಳಿಸುವ ಮುಂಚೆ ಟೀಚರ್‌ಗೆ ಒಂದು ಮಾತು ಹೇಳಿ.

"ಅಮ್ಮ, ನೀನೂ ಸಾಯ್ತೀಯಾ?" ಅಂದಾಗ "ಇಲ್ಲ, ಯಾವತ್ತೂ ಇಲ್ಲ" ಅನ್ನಬೇಡಿ. "ಎಲ್ಲರೂ ಒಂದು ದಿನ ಸಾಯ್ತೀವಿ. ಸುಮಾರು ಜನ ತುಂಬಾ ವಯಸ್ಸಾದ ಮೇಲೆ ಸಾಯ್ತಾರೆ. ನಾನು ಚೆನ್ನಾಗಿದ್ದೀನಿ. ನಿನ್ನ ನೋಡ್ಕೊಳ್ಳೋಕೆ ನಾನಿದ್ದೀನಿ, ಅಪ್ಪ ಇದ್ದಾರೆ, ಮಾವ ಇದ್ದಾರೆ" ಅನ್ನಿ. ಮಗುವಿಗೆ ಬೇಕಿರೋದು ಕೊನೆಯ ಆ ಹೆಸರುಗಳು. ಅಪ್ಪ ಹೋದ ಮನೆಯಲ್ಲಿ ಆರು ವರ್ಷದ ಹುಡುಗನಿಗೆ "ಇನ್ಮೇಲೆ ಮನೆಗೆ ನೀನೇ ಗಂಡಸು, ಅಳಬಾರದು" ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವನು ಇನ್ನೂ ಶೂ ಲೇಸ್ ಕಟ್ಟಿಕೊಳ್ಳಲು ಬಾರದವನು.

ಮನೆಯಲ್ಲಿ ಸಾವು ಆಗುವವರೆಗೆ ಕಾಯಬೇಕಿಲ್ಲ. ಮಕ್ಕಳು ಹೇಗೂ ಕೇಳುತ್ತಲೇ ಇರುತ್ತಾರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು, ಅವರಲ್ಲಿ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ಹೋದರು. ಮಾರನೇ ದಿನ ಅವರ ದೇಹವನ್ನು ಮಂಡ್ಯಕ್ಕೇ ತಂದರು. ಆ ವಾರ ಈ ಜಿಲ್ಲೆಯಲ್ಲಿ ಸಾವಿನ ಮಾತು ಕೇಳಿಸಿಕೊಳ್ಳದ ಮಗು ಇತ್ತಾ? ಟಿವಿ ಆರಿಸಿ, ಸರಿ. ಆದರೆ ಪಕ್ಕ ಕೂತು ಏನು ಕೇಳಿದೆ ಅಂತ ವಿಚಾರಿಸಿ. ಮೈಸೂರಿನ ಮಕ್ಕಳಿಗೆ ಅರ್ಜುನ ಇದ್ದ. 2012ರಿಂದ 2019ರವರೆಗೆ ಎಂಟು ದಸರಾದಲ್ಲಿ ಅಂಬಾರಿ ಹೊತ್ತವನು, 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಜೊತೆ ಕಾದಾಡಿ ಸತ್ತ. ಮುಂದಿನ ದಸರಾಕ್ಕೆ "ಅರ್ಜುನ ಬರಲ್ವಾ?" ಅಂದ ಮಗುವಿಗೆ ಇಲ್ಲ, ಸತ್ತುಹೋದ, ಬರಲ್ಲ ಅಂತ ಹೇಳಿದ ಮನೆಯಲ್ಲಿ ಮುಂದೆ ಅಜ್ಜಿಯ ವಿಷಯ ಹೇಳುವುದು ಸ್ವಲ್ಪ ಸುಲಭವಾಗುತ್ತದೆ.

ತಿಂಗಳುಗಟ್ಟಲೆ ಊಟ ನಿದ್ದೆ ಸರಿಹೋಗದಿದ್ದರೆ, ಆಟವೇ ಬಿಟ್ಟರೆ, ಸ್ಕೂಲು ಬೇಡವೇ ಬೇಡ ಅಂದರೆ, "ನಾನೂ ಅಜ್ಜಿ ಹತ್ರ ಹೋಗ್ತೀನಿ" ಅಂತ ಪದೇ ಪದೇ ಅಂದರೆ ಡಾಕ್ಟರ್‌ಗೆ ತೋರಿಸಿ. ಆ ಕೊನೇ ಮಾತು ಸಾಮಾನ್ಯವಾಗಿ ಅಜ್ಜಿ ಬೇಕು ಅನ್ನೋ ಹಂಬಲ ಅಷ್ಟೇ, ಆದರೂ ಕಡೆಗಣಿಸಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗ ಇದೆ.

ಇಷ್ಟು ಕೇಳಿದ ಮೇಲೆ ಗೇಟಿನ ಹತ್ತಿರ ಎಷ್ಟೋ ಅಮ್ಮಂದಿರು "ಅಯ್ಯೋ ಮಿಸ್, ಆಗಲೇ ಊರಿಗೆ ಹೋಗವ್ರೆ ಅಂದ್ಬಿಟ್ಟಿದ್ದೀವಲ್ಲ" ಅನ್ನುತ್ತಾರೆ. ತಿಂಗಳುಗಳೇ ಆಗಿದ್ದರೂ ಪರವಾಗಿಲ್ಲ. "ಅಜ್ಜಿ ಊರಿಗೆ ಹೋಗವ್ರೆ ಅಂದಿದ್ನಲ್ಲ, ಅದು ನಿಜ ಅಲ್ಲ. ನನಗೆ ಆಗ ಹೇಳೋಕೆ ತುಂಬಾ ಕಷ್ಟ ಆಯ್ತು. ಅಜ್ಜಿ ಸತ್ತುಹೋದ್ರು" ಅನ್ನಿ. ಮಗು ನಿಮ್ಮ ಮೇಲೆ ಸಿಟ್ಟಾಗಬಹುದು, ಹೊಡೆಯಲೂಬಹುದು. ಹೊಡೆಯಲಿ ಬಿಡಿ. ಸಿಟ್ಟು ಇಳಿದ ಮೇಲೆ ಹೊಸದಾಗಿ ಪ್ರಶ್ನೆ ಶುರುವಾಗುತ್ತವೆ, ಯಾವಾಗ, ಎಲ್ಲಿ, ಆಗ ನಾನೆಲ್ಲಿದ್ದೆ, ನನ್ನ ಕೇಳಿದ್ರಾ ಅಂತ. ಆವತ್ತು ಕೈಲಿರೋ ಕೆಲಸ ಪಕ್ಕಕ್ಕಿಟ್ಟು ಒಂದೊಂದಕ್ಕೂ ಉತ್ತರ ಕೊಡಿ.