ಹತ್ತು ಅಡಿಯ ಪೈಪು

ರಾತ್ರಿ ಎರಡೂವರೆಗೆ ಮೂಗಿನೊಳಕ್ಕೆ ತಣ್ಣನೆಯ ನೀರು ನುಗ್ಗಿ ಧಡಕ್ಕನೆ ಎದ್ದು ಕುಳಿತೆ. ಹನಿಯಲ್ಲ, ಅರ್ಧ ಗುಟುಕಿನಷ್ಟಾದರೂ ಇತ್ತು. ಕೆಮ್ಮುತ್ತ ಮಾಸ್ಕ್ ಕಿತ್ತು ಹಾಕುವಷ್ಟರಲ್ಲಿ ಹೆಂಡತಿಗೂ ಎಚ್ಚರವಾಗಿತ್ತು. ದೀಪ ಹಾಕುತ್ತ ಅವಳು, "ಆಗಿನಿಂದಲೂ ಕೇಳಿಸುತ್ತಿತ್ತು ರೀ, ಯಾರೋ ಗುಡುಗುಡಿ ಸೇದಿದ ಹಾಗೆ. ನಿಮ್ಮ ಗೊರಕೆಯೇ ಹೊಸ ರಾಗ ಹಿಡಿದಿದೆ ಅಂದುಕೊಂಡೆ" ಎಂದಳು.

ಗೊರಕೆ ನಿಂತು ಒಂದೂವರೆ ವರ್ಷವಾಗಿತ್ತು. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ವೈದ್ಯರು ಸಿಪ್ಯಾಪ್ ಯಂತ್ರ ಬರೆದುಕೊಟ್ಟ ಮೇಲೆ ಗೊರಕೆಯೂ ಹೋಗಿತ್ತು, ಹಗಲಿನ ತೂಕಡಿಕೆಯೂ ಹೋಗಿತ್ತು. 9 ಸೆಂಟಿಮೀಟರ್ ಎತ್ತರದ ನೀರು ಹಾಕುವಷ್ಟು ಒತ್ತಡದಲ್ಲಿ ಗಾಳಿ ಪೈಪಿನ ಮೂಲಕ ಮಾಸ್ಕ್‌ಗೆ ಬಂದು ಗಂಟಲ ದಾರಿ ಮುಚ್ಚಿಕೊಳ್ಳದಂತೆ ಹಿಡಿದಿಡುತ್ತದೆ, ಅಷ್ಟೇ ಅದರ ಕೆಲಸ. ಆ ರಾತ್ರಿಯ ಅವಾಂತರಕ್ಕೆ ಯಂತ್ರ ಹೊಣೆಯಲ್ಲ. ನಾನು ಬುದ್ಧಿವಂತಿಕೆಯಿಂದ ಮಾಡಿಕೊಂಡ ಒಂದು ಸುಧಾರಣೆ ಹೊಣೆ.

ನಾನು ಮಗ್ಗುಲಾಗಿ ಮಲಗುವವನು, ಅದೂ ಒಂದೇ ಮಗ್ಗುಲಲ್ಲಲ್ಲ. ಯಂತ್ರದ ಜೊತೆ ಬಂದ ಪೈಪುಗಳೆರಡೂ ಆರಾರು ಅಡಿಯವು. ಒಂದು ಸಾದಾ, ಇನ್ನೊಂದು ಒಳಗೆ ಬಿಸಿಯಾಗುವ ತಂತಿಯಿರುವಂಥದ್ದು. ಯಂತ್ರ ಎಡಗಡೆಯ ಕಪಾಟಿನ ಮೇಲಿತ್ತು. ಬಲಕ್ಕೆ ಹೊರಳಿದರೆ ಸಾಕು, ಪೈಪು ಬಿಗಿದು ಮಾಸ್ಕ್‌ನ ಒಂದು ಅಂಚು ಎದ್ದು ಕಣ್ಣಿಗೆ ಸುಯ್ ಎಂದು ಗಾಳಿ ಬೀಸುತ್ತಿತ್ತು. ಮೂಗುದಾರ ಹಾಕಿದ ಎತ್ತಿನ ಪಾಡು. ಕೊನೆಗೆ ಹತ್ತು ಅಡಿಯ ಪೈಪು ತಂದೆ. ಅದು ಸಾದಾ ಪೈಪು, ತಂತಿ ಇಲ್ಲ. ಮೊದಲ ಎರಡು ವಾರ ಆಹಾ! ಹೇಗೆ ಬೇಕಾದರೂ ಹೊರಳಬಹುದು, ದಿಂಬು ತಿರುಗಿಸಬಹುದು, ಎದ್ದು ಕುಳಿತು ನೀರು ಕುಡಿಯಬಹುದು. ಇಷ್ಟು ದಿನ ಏಕೆ ತರಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಹೆಂಡತಿಗೆ ಮಾತ್ರ ಮೊದಲ ದಿನವೇ ಅನುಮಾನವಿತ್ತು. "ಇಷ್ಟುದ್ದದ ಪೈಪಿನಲ್ಲಿ ನೀವು ಬಿಟ್ಟ ಉಸಿರೇ ತುಂಬಿಕೊಂಡು ಅದನ್ನೇ ಮತ್ತೆ ಎಳೆದುಕೊಂಡರೆ?" ಎಂದು ಕೇಳಿದ್ದಳು. ಒಳ್ಳೆಯ ಪ್ರಶ್ನೆಯೇ. ಕಾಗದದ ಮೇಲೆ ಲೆಕ್ಕ ಹಾಕಿದೆ. 19 ಮಿಲಿಮೀಟರ್ ಒಳವ್ಯಾಸದ ಹತ್ತು ಅಡಿ ಪೈಪಿನಲ್ಲಿ ಹಿಡಿಯುವುದು ಒಂದು ಲೀಟರಿಗೂ ಕಡಿಮೆ ಗಾಳಿ. ಮಾಸ್ಕ್‌ನ ಮುಂಭಾಗದ ಸಣ್ಣ ತೂತುಗಳಿಂದ ನನ್ನ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು ಮೂವತ್ತು ಲೀಟರ್ ಸದಾ ಹೊರಗೆ ಹೋಗುತ್ತಲೇ ಇರುತ್ತದೆ. ಅಂದರೆ ಎರಡು ಸೆಕೆಂಡಿನೊಳಗೆ ಪೈಪಿನ ಗಾಳಿಯೆಲ್ಲ ಹೊಸದಾಗುತ್ತದೆ. ಹೆದರಬೇಕಾಗಿಲ್ಲ ಎಂದು ಜಂಬದಿಂದ ಹೇಳಿದೆ. ಅದೇ ಎರಡು ಸೆಕೆಂಡು ಬೇರೆ ರೀತಿಯಲ್ಲಿ ನನ್ನ ಮೂಗಿಗೆ ಬರುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಚಳಿ ಶುರುವಾಯಿತು. ಬೆಳಗ್ಗೆ ಎದ್ದರೆ ಮೂಗು ಒಣಗಿ ಉರಿ, ಗಂಟಲು ಮರಳುಕಾಗದ. ಯಂತ್ರದಲ್ಲಿ ನೀರಿನ ತೊಟ್ಟಿಯಿದೆ, ಅದರ ತಳ ಬಿಸಿಯಾಗಿ ಗಾಳಿಗೆ ತೇವ ಸೇರುತ್ತದೆ. ಒಣಗಿದರೆ ತೇವ ಹೆಚ್ಚಿಸಬೇಕು, ಇದರಲ್ಲಿ ಯೋಚಿಸುವುದೇನಿದೆ? ಮೂರರಲ್ಲಿದ್ದ ಸೆಟ್ಟಿಂಗನ್ನು ಐದಕ್ಕೆ ಏರಿಸಿದೆ. ಮೂಗು ಒಣಗುವುದು ನಿಲ್ಲಲಿಲ್ಲ. ಆರಕ್ಕೆ ಏರಿಸಿದೆ. ಆ ರಾತ್ರಿಯೇ ಜಲಪ್ರಳಯ.

ಮಾಸ್ಕ್ ಒರೆಸಿಕೊಂಡ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಮೊಬೈಲಿನ ಟಾರ್ಚ್ ಹಿಡಿದು ಪೈಪನ್ನು ತುದಿಯಿಂದ ತುದಿಗೆ ನೋಡುತ್ತ ಬಂದೆ. ಯಂತ್ರದಿಂದ ಹೊರಟ ಮೊದಲ ಒಂದೂವರೆ ಅಡಿ ಸ್ವಚ್ಛವಾಗಿತ್ತು. ಆಮೇಲೆ ಒಳಗೋಡೆಗೆ ಕನ್ನಡಿಗೆ ಉಸಿರೂದಿದ ಹಾಗೆ ಮಂಜು. ಇನ್ನಷ್ಟು ಮುಂದೆ ಆ ಮಂಜೇ ಹನಿಗಟ್ಟಿ, ಪೈಪಿನ ಒಂದೊಂದು ಸುರುಳಿಯ ಸಂದಿನಲ್ಲೂ ಸಾಲಾಗಿ ಕುಳಿತಿತ್ತು. ಹೆಚ್ಚುವರಿ ಉದ್ದವೆಲ್ಲ ಜೋತುಬಿದ್ದು ನೆಲ ಮುಟ್ಟುತ್ತಿದ್ದ ಕಡೆ ನಾಲ್ಕು ಬೆರಳುದ್ದ ನೀರು ನಿಂತಿತ್ತು. ಮಾಸ್ಕ್ ಮುಖಕ್ಕೆ ಹಿಡಿದು ಉಸಿರೆಳೆದೆ. ನೀರು ಗುಳುಗುಳು ಎನ್ನುತ್ತ ನನ್ನ ಕಡೆಗೆ ಏರಿತು. ಉಸಿರು ಬಿಟ್ಟೆ. ಹಿಂದಕ್ಕೆ ಜಾರಿತು. ಗುಡುಗುಡಿಯ ಗುಟ್ಟು ಸಿಕ್ಕಿತು. ನಿದ್ದೆಯಲ್ಲಿ ಹೊರಳಿದಾಗ ಪೈಪು ಮೇಲೆದ್ದು ಆ ನೀರಷ್ಟೂ ಮೂಗಿಗೆ ಇಳಿದಿತ್ತು.

ಮರುದಿನದಿಂದ ಮೂರು ರಾತ್ರಿ ಹಟ ಹಿಡಿದು ಪರೀಕ್ಷೆ ಮಾಡಿದೆ. ತೇವದ ಸೆಟ್ಟಿಂಗ್ ಐದು, ಕೋಣೆಯ ಉಷ್ಣತೆ 20 ಡಿಗ್ರಿ, ಪೈಪು ಮಾತ್ರ ಬೇರೆ ಬೇರೆ. ಬೆಳಗ್ಗೆ ಪೈಪಿನ ನೀರನ್ನು ಲೋಟಕ್ಕೆ ಕೊಡವಿ ಔಷಧಿಯ ಚಮಚದಲ್ಲಿ ಅಳೆದೆ. ಹತ್ತು ಅಡಿಯ ಸಾದಾ ಪೈಪಿನಲ್ಲಿ ನಾಲ್ಕು ಚಮಚ. ಆರು ಅಡಿಯ ಸಾದಾ ಪೈಪಿನಲ್ಲಿ ಎರಡಕ್ಕೂ ಕಡಿಮೆ. ಬಿಸಿ ತಂತಿಯದರಲ್ಲಿ ಚಮಚದ ತಳವೂ ಒದ್ದೆಯಾಗಲಿಲ್ಲ. ಮೂಗಿನ ವರದಿಯೂ ಇದೇ ಕ್ರಮದಲ್ಲಿತ್ತು: ಎಲ್ಲಿ ನೀರು ಹೆಚ್ಚೋ ಅಲ್ಲಿ ಮೂಗು ಹೆಚ್ಚು ಒಣಗಿತ್ತು.

ನನ್ನ ತಲೆ ಕೆಡಿಸಿದ್ದು ಇದೇ. ನೀರು ಸುರಿಯುವಷ್ಟು ತೇವವಿದ್ದೂ ಮೂಗು ಒಣಗುವುದು ಹೇಗೆ? ಶಾಲೆಯಲ್ಲಿ ಓದಿದ ಇಬ್ಬನಿಯ ಪಾಠ ನೆನಪಿಗೆ ಬಂದ ಮೇಲೆ ಗಂಟು ಸಡಿಲಾಯಿತು. 30 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿ ಹೊರಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಉಳಿದದ್ದನ್ನು ಅದು ದಾರಿಯಲ್ಲೇ ಚೆಲ್ಲಬೇಕು. ಆರು ಅಡಿಯಲ್ಲಿ ಒಂದು ಸೆಕೆಂಡು ತಣಿಯುತ್ತಿದ್ದ ಗಾಳಿಗೆ ನಾನು ಹತ್ತು ಅಡಿ ಕೊಟ್ಟು, ಹೆಚ್ಚು ಹೊತ್ತೂ ಹೆಚ್ಚು ತಣ್ಣನೆಯ ಗೋಡೆಯೂ ಒದಗಿಸಿದ್ದೆ. ಮೂಗು ಮುಟ್ಟುವಷ್ಟರಲ್ಲಿ ಅದು ಹೆಚ್ಚುಕಡಿಮೆ ಕೋಣೆಯ ಗಾಳಿಯೇ ಆಗಿರುತ್ತಿತ್ತು. ದೇಹದ 37 ಡಿಗ್ರಿಯಲ್ಲಿ ಶ್ವಾಸಕೋಶ ಕೇಳುವುದು 44 ಗ್ರಾಂ, ಆ ಕೊರತೆಯನ್ನೆಲ್ಲ ಮೂಗು ತನ್ನ ಮೈಯಿಂದ ತುಂಬಿಕೊಡಬೇಕು. ಸೆಟ್ಟಿಂಗ್ ಐದಕ್ಕಿರಲಿ ಆರಕ್ಕಿರಲಿ, ಸಾದಾ ಪೈಪಿನ ಆ ತುದಿಗೆ ಎಷ್ಟು ತೇವ ತಲುಪಬಹುದೆಂದು ತೀರ್ಮಾನಿಸುತ್ತಿದ್ದದ್ದು ಕೋಣೆಯ ಚಳಿ. ನಾನು ಏರಿಸಿದ್ದೆಲ್ಲ ಪೈಪಿಗೆ ಸಂದಾಯವಾಗಿತ್ತು.

ನಿದ್ರಾ ಪ್ರಯೋಗಾಲಯದ ತಂತ್ರಜ್ಞರಿಗೆ ಫೋನ್ ಮಾಡಿ ಈ ಕಥೆಯನ್ನೆಲ್ಲ ಒಪ್ಪಿಸಿದೆ. ಆಕೆ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಸರ್, ಯಂತ್ರ ಮಂಚಕ್ಕಿಂತ ಮೇಲಿದೆಯೋ ಕೆಳಗಿದೆಯೋ?" ಮೇಲಿದೆ ಎಂದೆ. "ಮತ್ತೆ ನೀರು ನಿಮ್ಮ ಕಡೆಗೇ ಹರಿಯಬೇಕಲ್ಲವೇ!" ಮೂರು ರಾತ್ರಿ ಚಮಚ ಹಿಡಿದು ಕುಳಿತವನಿಗೆ ನೀರು ಇಳಿಜಾರಿಗೆ ಹರಿಯುತ್ತದೆ ಎಂಬುದು ತೋಚಿರಲಿಲ್ಲ. ಉದ್ದದಿಂದ ಒತ್ತಡವೇನಾದರೂ ಕಡಿಮೆಯಾಗಿ ಚಿಕಿತ್ಸೆ ಕೆಟ್ಟಿರಬಹುದೇ ಎಂದೂ ಕೇಳಿದೆ. ಇದೇ ಅಗಲದ ಪೈಪಾದರೆ ನನ್ನ ಒತ್ತಡಕ್ಕೆ ವ್ಯತ್ಯಾಸ ಅತ್ಯಲ್ಪ, ತೆಳು ಪೈಪಿಗೆ ಬದಲಾಯಿಸಿದರೆ ಮಾತ್ರ ಮೆನುವಿನಲ್ಲಿ ಪೈಪಿನ ಬಗೆಯನ್ನು ತಪ್ಪದೆ ಬದಲಿಸಿ ಎಂದರು. ಗಾಳಿಯ ಓಟಕ್ಕೆ ಉದ್ದಕ್ಕಿಂತ ಕಿರಿದಾಗುವುದೇ ದೊಡ್ಡ ಅಡ್ಡಿಯಂತೆ.

ಆ ಸಂಜೆ ಯಂತ್ರವನ್ನು ಕಪಾಟಿನಿಂದ ಇಳಿಸಿ, ಹಾಸಿಗೆಯ ಮಟ್ಟಕ್ಕಿಂತ ಕೆಳಗೆ, ತಲೆದಿಂಬಿನ ಪಕ್ಕಕ್ಕೇ ಒಂದು ಗಿಡ್ಡ ಸ್ಟೂಲಿನ ಮೇಲಿಟ್ಟೆ. ಬಿಸಿ ತಂತಿಯ ಆರು ಅಡಿಯ ಪೈಪನ್ನು ಮಂಚದ ತಲೆಹಲಗೆಯ ಮೇಲಿನಿಂದ ತಂದು, ನಡುವೆ ಒಂದು ಕೊಕ್ಕೆಗೆ ಬಟ್ಟೆಪಟ್ಟಿಯಿಂದ ಸಡಿಲವಾಗಿ ಕಟ್ಟಿದೆ. ಪೈಪು ಈಗ ನೆತ್ತಿಯ ಕಡೆಯಿಂದ ಬರುತ್ತದೆ, ಎರಡು ಮಗ್ಗುಲಿಗೂ ಸಮ ದೂರ. ಹೊರಳಿದರೆ ಎಳೆಯುವುದಿಲ್ಲ. ನನಗೆ ಬೇಕಾಗಿದ್ದದ್ದು ನಾಲ್ಕು ಅಡಿ ಹೆಚ್ಚು ಪೈಪಲ್ಲ, ಒಂದು ಕೊಕ್ಕೆ. ಸೆಟ್ಟಿಂಗ್ ಮತ್ತೆ ಮೂರಕ್ಕೆ ಇಳಿಯಿತು, ಮೂಗು ವಾರದೊಳಗೆ ಸುಧಾರಿಸಿತು.

ಉದ್ದದ ಪೈಪನ್ನು ತೊಳೆದು ಒಣಗಿಸಿ ಸುರುಳಿ ಸುತ್ತಿ ಕಪಾಟಿನಲ್ಲಿಟ್ಟೆ. ಎಸೆಯಲು ಮನಸ್ಸು ಬರಲಿಲ್ಲ, ಮೊದಲ ಎರಡು ವಾರದ ಸುಖ ನೆನಪಿತ್ತು. ಚಳಿ ಕಳೆದು, ರಾತ್ರಿ ಕೋಣೆಯ ಉಷ್ಣಮಾಪಕ 28 ತೋರಿಸಿದ ಒಂದು ದಿನ ಅದನ್ನು ಮತ್ತೆ ಹೊರತೆಗೆದೆ. ಹೆಂಡತಿ ಏನೂ ಹೇಳಲಿಲ್ಲ, ತನ್ನ ದಿಂಬನ್ನು ಮಾತ್ರ ಸ್ವಲ್ಪ ಆಚೆ ಸರಿಸಿಕೊಂಡಳು. ತೇವ ಎರಡಕ್ಕಿಟ್ಟು ಮಲಗಿದೆ. ಬೆಳಗ್ಗೆ ಪೈಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದೆ. ಒಂದು ಹನಿಯೂ ಇರಲಿಲ್ಲ.